ಬಿಸಿಯಲ್ಲಿ ಎಳೆದ ಹಗ್ಗ

ದ್ರಾಕ್ಷಾಯಿಣಿ ಕತ್ತರಿ ಹಾಕಿದಳು. ಕೆಂಪು ಎಳೆ ಪಟ್ಟನೆ ಹಿಂದಕ್ಕೆ ಹಾರಿ ಅವಳ ಮಣಿಕಟ್ಟಿಗೆ ಸುತ್ತಿಕೊಂಡಿತು. ಹೊಸೆಯುವ ಯಂತ್ರ ಬಿಳಿ ಎಳೆಗಳನ್ನಷ್ಟೇ ನುಂಗುತ್ತ ತಿರುಗುತ್ತಲೇ ಇತ್ತು.

"ಏ, ಕೆಂಪ ಎಳಿ ಹರೀತು ನೋಡ! ಗಂಟ ಹಾಕ!" ಸೂಪರ್‌ವೈಸರ್ ರೂಪಲಪ್ಪ ದೂರದಿಂದಲೇ ಕೂಗಿದ.

"ಹರಿದಿಲ್ರಿ ಕಾಕಾ. ನಾನ ಕತ್ತರಿಸೇನಿ." ಅವಳೇ ಯಂತ್ರವನ್ನೂ ನಿಲ್ಲಿಸಿದಳು.

ಬಂದರಿನ ಪಕ್ಕದ ಸಡಾ ಗುಡ್ಡದ ಬುಡದ ಆ ಹಗ್ಗದ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಕಾಳು ಕರಗಿ ಎಳೆಯಾಗಿ, ಬಿಸಿ ಪೆಟ್ಟಿಗೆಯೊಳಗೆ ಹಾದುಬರುತ್ತದೆ. ಪೆಟ್ಟಿಗೆಯ ಈಚೆಗಿನ ರೋಲರ್ ನಿಧಾನ, ಆಚೆಗಿನದು ಜೋರು. ಹದವಾದ ಬಿಸಿಯಲ್ಲಿ ಎಳೆದರೆ ಒಳಗಿನ ಕಣಗಳ ಸರಪಳಿಗಳು ಒಂದರ ಪಕ್ಕ ಒಂದು ನೆಟ್ಟಗಾಗಿ ಎಳೆ ಗಟ್ಟಿಯಾಗುತ್ತದೆ. ಬಿಸಿ ಮೀರಿದರೆ ಅವು ಸುಮ್ಮನೆ ಜಾರುತ್ತವೆ. ಎಳೆ ಉದ್ದವಾಗುತ್ತದೆ, ಮಿರುಗುತ್ತದೆ, ಬಲ ಮಾತ್ರ ಬರುವುದಿಲ್ಲ. ಇದು ಮಾಲೀಕ ಸೇಠನಿಗೂ ಗೊತ್ತು. ದ್ರಾಕ್ಷಾಯಿಣಿಗೆ ಕಲಿಸಿದವನೇ ರೂಪಲಪ್ಪ. ಆದರೂ ಸೋಮವಾರದಿಂದ ಬಿಸಿ ಏರಿತ್ತು. ಮೆತ್ತಗಾದ ಎಳೆ ತುಂಡಾಗದೆ ಹಿಗ್ಗುತ್ತದೆ, ರೋಲರ್ ಎಷ್ಟು ಬೇಕಾದರೂ ಓಡಿಸಬಹುದು, ಬಂದರಿನ ಆರ್ಡರು ಬೇಗ ಮುಗಿಯುತ್ತದೆ.

ಬಂದರಿನಲ್ಲಿ ಹಡಗಿನ ಪಕ್ಕಕ್ಕೆ ಹಲಗೆ ಇಳಿಬಿಟ್ಟುಕೊಂಡು ತುಕ್ಕು ಕೆರೆಯುವವರು ಹೆಚ್ಚಾಗಿ ಸಡಾದ ಗಂಡಸರು. ಹೊಸ ಹಗ್ಗ ಕೈಗೆ ಬಂದೊಡನೆ ತುದಿ ಬಿಚ್ಚಿ ಕೆಂಪು ಎಳೆ ಹುಡುಕುತ್ತಾರೆ. ಇದ್ದರೆ ಅದು ತಮ್ಮ ಓಣಿಯ ಹೆಂಗಸರು ಹೊಸೆದದ್ದು. ಮತ್ತೆ ಜಗ್ಗಿ ನೋಡುವುದಿಲ್ಲ, ಹಾಗೇ ಸೊಂಟಕ್ಕೆ ಬಿಗಿಯುತ್ತಾರೆ. ದ್ರಾಕ್ಷಾಯಿಣಿಯ ಗಂಡ ಭೀಮಶಿಯೂ ಹಾಗೇ.

"ಕೆಂಪ ಎಳಿ ಇಲ್ಲಂದ್ರ ಅವ್ರು ಮುಟ್ಟಂಗಿಲ್ಲ. ನಿನಗ ಗೊತ್ತೈತಿ," ಹತ್ತಿರ ಬಂದ ರೂಪಲಪ್ಪ ದನಿ ತಗ್ಗಿಸಿದ.

"ಗೊತ್ತೈತಿ ಅಂತನ ಕತ್ತರಿಸೇನಿ."

"ಬಾಯಿ ಭಾಳ ಆತು ನಿಂದು. ನಿನ್ನ ಇಲ್ಲಿಗೆ ಕರ್ಕೊಂಡ ಬಂದಾಂವ ಯಾರು?"

"ನೀವ. ಹುಬ್ಬಳ್ಳಿ ಸ್ಟ್ಯಾಂಡಿನಾಗ ಗಿರಮಿಟ್ಟೂ ತಿನ್ನಿಸಿದ್ರಿ. ಅದಕ್ಕ ಇನ್ನೂ ಕಾಕಾ ಅನ್ನಾಕತ್ತೇನಿ."

ಪಕ್ಕದ ಯಂತ್ರದ ಮಾಶಾಬಿ ಕಿಸಕ್ಕನೆ ನಕ್ಕಳು. "ಕಾಕಾ, ಒಂದ ಕೆಲಸ ಮಾಡ್ರಿ. ಈ ಹಗ್ಗ ನೀವ ಸೊಂಟಕ್ಕ ಕಟ್ಗೊಂಡು ಆ ತೊಲಿಯಿಂದ ಜೋತ ಬೀಳ್ರಿ. ನಾವು ಚಾ ಕುಡ್ಕೋತ ನೋಡ್ತೇವಿ."

"ನೀ ಸುಮ್ಕಿರವಾ! ನಿನ್ನ ಯಾರ ಕೇಳ್ಯಾರ?"

"ನಮ್ಮ ಪರ್ವೇಜನೂ ಅದ ಹಲಗಿ ಮ್ಯಾಲ ಕುಂಡ್ರತಾನ್ರಿ." ಮಾಶಾಬಿ ಈಗ ನಗುತ್ತಿರಲಿಲ್ಲ. "ಹೊಟ್ಟ್ಯಾಗ ಹುಟ್ಟಿದ ಮಗಾ."

ದ್ರಾಕ್ಷಾಯಿಣಿ ಬಿಳಿ ಎಳೆಯೊಂದನ್ನು ಎರಡೂ ಕೈಗೆ ಸುತ್ತಿ ಜಗ್ಗಿದಳು. ಅದು ಹರಿಯಲಿಲ್ಲ. ನಡುವೆ ಒಂದು ಕಡೆ ಸಣ್ಣಗಾಗಿ ಹಿಗ್ಗುತ್ತ ಹೋಯಿತು, ಬಿಟ್ಟಾಗ ಹಿಂದಕ್ಕೆ ಬರಲಿಲ್ಲ. ರೂಪಲಪ್ಪ ಮುಖ ತಿರುಗಿಸಿದ.

"ಬಿಸಿ ಇಳಸೂದು ನನ್ನ ಕೈಯಾಗಿಲ್ಲ ತಂಗೀ. ಸೇಠ ಗೇಟಿನಾಗ ನಿಂತಾನ, ಲಾರಿ ಬಂದೈತಿ."

"ಹಂಗಾರ ಕೆಂಪ ಎಳಿ ಹಾಕೂದೂ ನನ್ನ ಕೈಯಾಗಿಲ್ಲ."

ಅವನು ಗೋದಾಮಿಗೆ ಹೋಗಿ ಒಂದು ಸುರುಳಿ ತಂದು ಅವಳ ಮುಂದಿಟ್ಟ. ಮಿರುಗು ಕಮ್ಮಿ. ಹೊರಳಿಸಿದರೆ ಬಿರುಸು.

"ಹ್ವಾದ ತಿಂಗಳದ್ದು, ಚಲೋ ಬಿಸಿಯಾಗ ಎಳದದ್ದು. ಕೋಣಾ ಕಟ್ಟಿದ್ರೂ ನಿಲ್ತೈತಿ. ಭೀಮಶಿಗೆ ಒಯ್ಯಿ, ಬ್ಯಾರೇದು ಮುಟ್ಟಬ್ಯಾಡ ಅಂತ ಹೇಳು. ಉಳಿದದ್ದಕ್ಕ ನೀ ಕೆಂಪ ಎಳಿ ಹಾಕು. ಅಷ್ಟ."

ದ್ರಾಕ್ಷಾಯಿಣಿ ಸುರುಳಿಯ ಮೇಲೆ ಅಂಗೈ ಇಟ್ಟಳು. ಖರೇ ಹಗ್ಗ. ಭೀಮಶಿ ಸಂಜೆ ಮನೆಗೆ ಬರುತ್ತಾನೆ, ನಾಳೆಯೂ ಬರುತ್ತಾನೆ. ಹಲಗೆಯ ಇನ್ನೊಂದು ತುದಿಯಲ್ಲಿ ಕೂತವನು? ಮಾಶಾಬಿ ಅವಳನ್ನೇ ನೋಡುತ್ತಿದ್ದಳು.

ದ್ರಾಕ್ಷಾಯಿಣಿ ಸುರುಳಿಯನ್ನು ರೂಪಲಪ್ಪನ ಎದೆಗೆ ದೂಡಿದಳು.

"ಒಲ್ಲೆ," ಅಂದಳು. "ನಾ ಒಯ್ಯಂಗಿಲ್ಲ."