ಗಿಟಾರು ಉತ್ತರ ಕೊಡುವ ಜಾಗ

ಚರಚರ, ಚಟ್, ಮತ್ತೆ ಚರಚರ — ದೂರದ ಗದ್ದೆಯಲ್ಲಿ ಯಾರೋ ಕಬ್ಬಿನ ತರಗಿಗೆ ಬೆಂಕಿ ಹಾಕಿದ ಹಾಗೆ, ಹಾಡಿಗಿಂತ ಮೊದಲು ಬರುವುದು ಈ ಸದ್ದು, ತೆಗೆದುಹಾಕು ಅಂದಿದ್ದ ಸಿನಿಮಾದ ನಿರ್ದೇಶಕ ಪುನೀತ್, ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಹೋಗುತ್ತದೆ, ಚಂದನ ತೆಗೆದಿರಲಿಲ್ಲ, ಈಗ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು ಅದನ್ನೇ ಕೇಳುತ್ತಾಳೆ, ಚರಚರ, ಆಮೇಲೆ ಗಿಟಾರು, ಆಮೇಲೆ ಆ ಹೆಂಗಸಿನ ದನಿ. ಹೆಸರಿಲ್ಲದ ಹೆಂಗಸು, ರೆಕಾರ್ಡಿನ ನಡುವೆ ಅಂಟಿಸಿದ್ದ ಚೀಟಿಯನ್ನು ಗೆದ್ದಲು ತಿಂದು ಮುಗಿಸಿತ್ತು — ಸೋಮನಹಳ್ಳಿಯ ಹೆದ್ದಾರಿ ಪಕ್ಕದ ಗುಜರಿ ಅಂಗಡಿ, ಸುಟ್ಟ ಮೋಟಾರು, ರೆಕ್ಕೆ ಮುರಿದ ಫ್ಯಾನುಗಳ ನಡುವೆ ಒಂದು ತಗಡಿನ ಟ್ರಂಕು, ಯಾವುದೋ ಬಂಗಲೆ ಖಾಲಿ ಮಾಡಿದ್ದಂತೆ, ಒಳಗೆ ನೋಡಿದರೆ ಅಮೆರಿಕದ ಕಪ್ಪು ಜನರ ಹಳೇ ಹಾಡುಗಳು, ಬ್ಲೂಸ್, ಜಾಝ್, ಸೋಲ್, ಒಂದರ ಮೇಲೊಂದು ರೊಟ್ಟಿ ಪೇರಿಸಿದ ಹಾಗೆ, ಇವನ್ನ ತಗಂಡ್ ಏನ್ ಮಾಡೀಯವ್ವ, ಒಲೆಗಾಕುದ್ರೂ ಉರಿಯಲ್ಲ ಅಂದಿದ್ದ ಗುಜರಿಯವನು. ಉರಿಯುವುದಿಲ್ಲವೇ, ತಿಂಗಳುಗಟ್ಟಲೆ ಉರಿದಿವೆ ಅವಳ ತಲೆಯಲ್ಲಿ, ಪುನೀತನ ಸಿನಿಮಾಕ್ಕೆ ಹಾಡು ಆರಿಸಿ ಕೂರಿಸುವ ಕೆಲಸ ಅವಳದು, ಲೈನ್‌ಮನ್ ಕಂಬ ಹತ್ತುವ ದೃಶ್ಯಕ್ಕೆ ಜಾಝ್ ಪಿಯಾನೋ, ಅವನ ಕಾಲು ಮೇಲೆ ಹೋದಂತೆ ಬೆರಳೂ ಮೇಲೆ, ಶಿವನಸಮುದ್ರದ ಆ ದಪ್ಪ ಪೈಪುಗಳ ಉದ್ದಕ್ಕೂ ಕ್ಯಾಮೆರಾ ಇಳಿಯುವಾಗ ಡಬಲ್ ಬೇಸಿನ ದಪ್ಪ ತಂತಿಯ ಗುಮ್ ಗುಮ್, ಮಳವಳ್ಳಿ ಬಸ್ಸಿನಲ್ಲಿ ಗಂಡ ಹೆಂಡತಿ ಒಂದೇ ಕಡಲೆಕಾಯಿ ಪೊಟ್ಟಣಕ್ಕೆ ಕೈ ಹಾಕುವಾಗ ಸೋಲ್ ಹಾಡಿನ ಆರ್ಗನ್ನು, ಎಲ್ಲ ಆಯಿತು, ಎಲ್ಲ ಕೂತಿತು, ಉಳಿದದ್ದು ಒಂದೇ ದೃಶ್ಯ. ಲೈನ್‌ಮನ್ ಕರೆಂಟು ಹೊಡೆದು ಸತ್ತಿದ್ದಾನೆ, ಮಣ್ಣು ಮಾಡಿ ಎಲ್ಲರೂ ಹೋದರು, ಹೆಂಡತಿ ಅಡುಗೆಮನೆ ಹೊಸ್ತಿಲಲ್ಲಿ ಕೂತಿದ್ದಾಳೆ, ಅಳುವುದಿಲ್ಲ, ನಟಿ ಅರ್ಪಿತ ಅದನ್ನು ಎಷ್ಟು ಚೆನ್ನಾಗಿ ಮಾಡಿದ್ದಾಳೆಂದರೆ ನೋಡಿದವರಿಗೇ ಉಸಿರು ಕಟ್ಟುತ್ತದೆ, ಆ ಮುಖದ ಮೇಲೆ ಯಾವ ದನಿ ಇಡುವುದು, ಇವತ್ತು ಮಧ್ಯಾಹ್ನದೊಳಗೆ ಹೇಳಬೇಕು.

ಮಂಡ್ಯಕ್ಕೆ ಬ್ಲೂಸಾ ಎಂದು ನಗದವರೇ ಇಲ್ಲ, ಊರಿಗೊಂದು ದಾರಿಯಾದರೆ ಪೋರನಿಗೇ ಒಂದು ದಾರಿ ಎಂದು ಚಿಕ್ಕಪ್ಪನ ಮಗ ಸಂತೋಷ್ ಊಟದ ಎಲೆ ಮುಂದೆಯೇ ಅಂದ, ಜಾನಪದ ಹಾಕ್ರಮ್ಮ, ಸುಮ್ಕೆ ಓಡ್ತದೆ, ಪುನೀತ್ ಬಿಡಬೇಕಲ್ಲ, ಅಲ್ಲಿ ಗುಲಾಮರ ಹತ್ತಿ ಹೊಲ, ಇಲ್ಲಿ ಕಬ್ಬಿನ ಗದ್ದೆ, ನೋವು ಒಂದೇ ಕಣ್ಲಾ ಎಂದು ಭಾಷಣ ಶುರು ಮಾಡಿಬಿಡುತ್ತಾನೆ, ಆ ಭಾಷಣ ಚಂದನಳಿಗೆ ಹಿಡಿಸದು, ಒಂದೇ ಹೇಗಾದೀತು, ಅವಳ ಮನೆಯವರು ಜಮೀನಿನವರು, ಬದುವಿನ ಮೇಲೆ ಕೊಡೆ ಹಿಡಿದು ನಿಂತವರು, ಗದ್ದೆಗಿಳಿದು ಹಾಡಿಕೊಂಡು ಕಳೆ ಕಿತ್ತವರು ಬೇರೆ, ಯಾರದೋ ಬೆನ್ನಿನ ಬಾಸುಂಡೆ ತಂದು ತನ್ನ ಬೆನ್ನಿಗೆ ಅಂಟಿಸಿಕೊಳ್ಳಲು ಅವಳಿಗೆ ನಾಚಿಕೆ. ಅವಳಿಗೆ ಬೇಕಾದದ್ದು ಅಷ್ಟು ದೊಡ್ಡದಲ್ಲ, ಈ ಹಾಡು ಕಟ್ಟಿರುವ ರೀತಿ, ಅಷ್ಟೇ — ಹೆಂಗಸು ಒಂದು ಸಾಲು ಹಾಡಿ ನಿಲ್ಲುತ್ತಾಳೆ, ಆ ನಿಂತ ಜಾಗದಲ್ಲಿ ಗಿಟಾರು ಉತ್ತರ ಕೊಡುತ್ತದೆ, ಹೂಂ, ಹೇಳು, ಆಮೇಲೆ? ಅವಳು ಅದೇ ಸಾಲನ್ನು ಮತ್ತೆ ಹಾಡುತ್ತಾಳೆ, ಗಿಟಾರು ಮತ್ತೆ ಹೂಂಗುಡುತ್ತದೆ, ಕೇಳುವವರೊಬ್ಬರು ಪಕ್ಕದಲ್ಲೇ ಇದ್ದಾರೆ ಎನ್ನುವುದು ಹಾಡಿನ ಒಳಗೇ ಇದೆ, ಅರ್ಪಿತಳ ಮುಖಕ್ಕೆ ಬೇಕಾದದ್ದೂ ಅದೇ, ಹೊಸ್ತಿಲಲ್ಲಿ ಒಬ್ಬಳೇ ಕೂತವಳ ಪಕ್ಕ ಒಬ್ಬರು ಕೂರಬೇಕು, ಕಾಣಬಾರದು, ಕೇಳಬೇಕು. ಇಷ್ಟು ಗೊತ್ತಿದ್ದೂ ಬೆಳಗಿನಿಂದ ಕೈ ಆಡುತ್ತಿಲ್ಲ, ಯಾಕೆಂದರೆ ಲ್ಯಾಪ್‌ಟಾಪಿನಲ್ಲಿ ಈ ಹಾಡಿನ ಕೆಳಗೆ ಇನ್ನೊಂದು ಕೂತಿದೆ, ನಿನ್ನೆಯದು, ಅದನ್ನು ಮುಟ್ಟಿದರೆ ಕೈ ಕಾಣುತ್ತದೆ.

ನಿನ್ನೆ ಅವಳು ಮಾಡುತ್ತಿದ್ದುದು ದಿನಾ ಮಾಡುವ ಕೆಲಸವನ್ನೇ. ಸಿನಿಮಾದಲ್ಲಿ ಹಾಡು ರೆಕಾರ್ಡಿನಿಂದ ಎದ್ದು ಬಂದ ಹಾಗೆ ಕೇಳಬಾರದು, ಮನೆಯೊಳಗೆ ಕೇಳಿದ ಹಾಗಿರಬೇಕು, ಅದಕ್ಕೆ ಪುಟ್ಟ ಸ್ಪೀಕರನ್ನು ಮಂಡ್ಯದ ಗುತ್ತಲಿನ ಈ ಮನೆಯ ಹಜಾರದ ಮೂಲೆಯಲ್ಲಿಟ್ಟು ಹಾಡು ಬಿಟ್ಟು, ಇನ್ನೊಂದು ಮೂಲೆಯಲ್ಲಿ ಮೈಕು ಹಿಡಿದು ಮತ್ತೆ ರೆಕಾರ್ಡು ಮಾಡುತ್ತಾಳೆ, ಆಗ ಗೋಡೆ, ಫ್ಯಾನು, ಬೀದಿಯ ಸೊಪ್ಪಿನವಳು ಎಲ್ಲ ಸೇರಿ ಹಾಡಿಗೆ ಒಂದು ಮನೆ ಸಿಗುತ್ತದೆ. ಅಮ್ಮ ಮದ್ದೂರಿನ ಶಾಲೆಗೆ ಪಾಠಕ್ಕೆ ಹೋಗಿದ್ದಳು, ಚಿಕ್ಕಬೋರಮ್ಮಜ್ಜಿ, ಅಪ್ಪನ ತಾಯಿ, ಹಜಾರದ ನಡುವೆ ಕಾಲು ಚಾಚಿ ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದಳು, ಪಿಚಕ್ ಪಿಚಕ್, ಅದೂ ಬರಲಿ ಎಂದು ಚಂದನ ಸುಮ್ಮನಿದ್ದಳು. ಹಾಡು ಶುರುವಾಯಿತು, ಮಾತಿಲ್ಲದ ಆ ಮೊದಲ ನರಳಿಕೆ ಬಂತು, ಅಜ್ಜಿಯ ಕೈ ನಿಂತಿತು, ಯಾರವ್ವ ಅದು, ಇಷ್ಟ್ ಸಂಕ್ಟ ಪಡ್ತಾವ್ಳಲ್ಲ, ಯಾರ್ ಸತ್ರು ಅವ್ಳಿಗೆ? ಯಾರೂ ಸತ್ತಿಲ್ಲ ಅಜ್ಜಿ, ಅಮೆರಿಕದವ್ಳು, ಕೂಡ್ಕೆ ಆದೋನು ರೈಲು ಹತ್ಕೊಂಡು ಹೋದ ಅಂತ ಹಾಡ್ತಾವ್ಳೆ, ಥೂ ಸುಮ್ಕಿರು, ಗಂಡ್ಸು ಬುಟ್ಟೋದ್ರೆ ಯಾರಾರ ಇಂಗ್ ಅಳ್ತಾರ, ಬಯ್ತಾರೆ, ಇವ್ಳ್ ಮಗ ಓಗವ್ನೆ ಕಣಮ್ಮ. ಚಂದನಳಿಗೆ ನಗು ಬಂದಿತ್ತು, ನಕ್ಕಿದ್ದಳು ಕೂಡ, ಕೋಣನ ಮುಂದೆ ಕಿನ್ನರಿ ಅಂತಾರಲ್ಲ, ಇಲ್ಲಿ ಕೋಣ ಯಾರು ಎಂದು ಆಮೇಲೆ ತಾನೇ ಕೇಳಿಕೊಂಡಳು. ಅಜ್ಜಿ ಸ್ಪೀಕರಿನ ಕಡೆಗೇ ತಿರುಗಿದಳು, ಪಾಪ, ಒಬ್ಳೇ ಅಳ್ತಾವ್ಳೆ, ಜೊತ್ಗೆ ಯಾರೂ ಇಲ್ವ, ಅಂದವಳು ಸೆರಗನ್ನು ತಲೆ ಮೇಲೆ ಎಳೆದುಕೊಂಡು ತಾನೂ ಎತ್ತಿಕೊಂಡಳು. ಅಜ್ಜಿಯ ಕಾಲದ ಹೆಂಗಸರಿಗೆ ಅದು ಕಲಿತ ಮಾತಲ್ಲ, ಬಂದದ್ದು, ಸಾವಿನ ಮನೆಗೆ ಹೋದರೆ ಬೀದಿ ತಿರುವಿನಿಂದಲೇ ದನಿ ತೆಗೆಯಬೇಕು, ಮನೆಯವಳ ಕೊರಳು ಕಟ್ಟಿಕೊಂಡು ಸತ್ತವರ ಗುಣ ಹೇಳಿಕೊಂಡು ರಾಗವಾಗಿ ಅಳಬೇಕು, ಅವಳೊಂದು ಸಾಲು, ಇವಳೊಂದು ಸಾಲು, ಒಬ್ಬಳನ್ನೇ ಅಳಲು ಬಿಟ್ಟು ಸುಮ್ಮನೆ ನಿಂತವಳು ಹೆಂಗಸೇ ಅಲ್ಲ. ಏಲಕ್ಕಿ ಬಾಳೆಹಣ್ಣು ತತ್ತೀನಿ ಕಣವ್ವ ಅಂದಿದ್ಯಲ್ಲೋ ಕಂದಾ, ಆಸ್ಪತ್ರೆ ಬಾಗ್ಲಲ್ಲಿ ಚಪ್ಲಿ ಬುಟ್ಟು ಓದ್ಯಲ್ಲೋ ಕಂದಾ, ಮೊಕ ತೋರಿಸ್ದೆ ಓದ್ಯಲ್ಲೋ ನನ್ನಪ್ಪಾ — ಎಂದು ನಿಲ್ಲಿಸಿ ಅಜ್ಜಿ ಎಡಗೈ ಚಾಚಿದಳು, ಕೊರಳು ಹುಡುಕುವ ಕೈ, ಹೆಬ್ಬೆರಳಿಗೆ ಅವರೆಯ ಸಿಪ್ಪೆ ಅಂಟಿದ ಕೈ, ಹಜಾರದ ಗಾಳಿಯಲ್ಲಿ. ಚಂದನ ಏನು ಮಾಡಿದಳು, ಮೀಟರು ಕೆಂಪಿಗೆ ಹೋಗಿತ್ತು, ದನಿ ಒಡೆಯುತ್ತದೆ ಎಂದು ಗುಬುಟು ತಿರುಗಿಸಿ ಸರಿಮಾಡಿದಳು. ಅಷ್ಟು ಹೊತ್ತೂ ಕೈ ಅಲ್ಲೇ ಇತ್ತು. ಆಮೇಲೆ ಅಜ್ಜಿ ಇನ್ನೊಂದು ಸಾಲು ಹೇಳಿದಳು, ಮತ್ತೆ ನಿಲ್ಲಿಸಿದಳು, ಮತ್ತೆ ಕೈ, ಕೊನೆಗೆ ಆ ಕೈಯನ್ನೇ ಸೆರಗಿಗೆ ಒರೆಸಿಕೊಂಡು ಅವರೆಕಾಳಿಗೆ ಕೈಹಾಕಿದಳು. ಸಂಜೆ ಹಿದಕವರೆ ಸಾರು ಆಯಿತು, ಚೆನ್ನಾಗಿತ್ತು.

ಕಂದ ಎಂದರೆ ನಾಗರಾಜು, ಅಪ್ಪ. ಎರಡನೇ ಕೊರೋನಾದ ವರ್ಷ, ಬೈಕು ಓಡಿಸಿಕೊಂಡು ತಾನೇ ಆಸ್ಪತ್ರೆಗೆ ಹೋದವನು ಹೆಣವಾಗಿಯೂ ಮನೆಗೆ ಬರಲಿಲ್ಲ, ಎಣ ಯಾವಾಗ್ ತತ್ತಾರೆ, ಅಜ್ಜಿ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು, ತರುವುದಿಲ್ಲ ಅಜ್ಜಿ, ತರದೆ ಎಂಗವ್ವ, ನಂಟರು ಬರುವ ಹಾಗಿರಲಿಲ್ಲ, ಬೀದಿಯವರು ಕಿಟಕಿಯಿಂದ ಕೈ ಮುಗಿದರು, ಸಂತೋಷ್ ಬಿಳಿ ಗವಸು ತೊಟ್ಟು ದೂರ ನಿಂತು ಫೋನಿನಲ್ಲಿ ತೋರಿಸಿದ, ಜೆಸಿಬಿ ತೋಡಿದ ಗುಂಡಿ, ಒಂದು ಬಿಳಿ ಗಂಟು, ಚಂದನ ಫೋನನ್ನು ಅಜ್ಜಿಯ ಮುಖದ ಮುಂದೆ ಹಿಡಿದಿದ್ದಳು, ನೆಟ್‌ವರ್ಕು ಸಿಕ್ಕಿಕೊಂಡು ಗಂಟು ಅರ್ಧದಲ್ಲೇ ನಿಂತುಬಿಟ್ಟಿತು, ಇಳಿಯಲೂ ಇಲ್ಲ, ಹತ್ತಲೂ ಇಲ್ಲ. ಅಜ್ಜಿ ಅಳಲಿಲ್ಲ. ಮುಂದೆ ಹೆಣವಿಲ್ಲ, ಪಕ್ಕದಲ್ಲಿ ಹೆಂಗಸರಿಲ್ಲ, ಯಾರ ಕೊರಳಿಗೆ ಬಿದ್ದು ಏನೆಂದು ಹೇಳಿಕೊಂಡು ಅಳುವುದು. ಚಂದನಳೂ ಅಳಲಿಲ್ಲ, ಗಟ್ಟಿ ಹುಡುಗಿ ಅಂದರು ಎಲ್ಲ, ಅವಳೂ ನಂಬಿದಳು, ಅಪ್ಪ ಎಂಬ ಮಾತು ಬರುವ ಕಡೆ ಅವರು ಎನ್ನುವುದನ್ನು ಕಲಿತಳು, ಅವರಿಗೆ ಹಿದಕವರೆ ಇಷ್ಟ, ಅವರು ಕಟ್ಟಿಸಿದ ಮನೆ, ಹೀಗೆ, ನೋಡಿದರೆ ಅಪ್ಪಾ ಎಂದು ಬಾಯಿಬಿಟ್ಟು ಕರೆದು ವರ್ಷಗಳಾದವು, ಇದ್ದಾಗ ದಿನಕ್ಕೆಷ್ಟು ಸಲ ಕರೆಯುತ್ತಿದ್ದಳು, ಅಪ್ಪಾ ಚಾರ್ಜರ್ ಎಲ್ಲಿ, ಅಪ್ಪಾ ಗೇಟ್ ತೆಗಿ.

ಮೇಜಿನ ಮೇಲೆ ಫೋನು ಗುರ್ ಎಂದಿತು, ಪುನೀತ್. ನಿನ್ನೆಯದನ್ನು ಅವನಿಗೆ ಕಳಿಸಿದವಳು ಅವಳೇ, ಯಾಕೆ ಕಳಿಸಿದಳು, ಚೆನ್ನಾಗಿದೆ ಎಂದು, ಅಷ್ಟೇ. ಅಮೆರಿಕದವ್ಳನ್ನ ಬುಟ್ಬುಡು ಚಂದನ, ಆ ಸೀನ್‌ಗೆ ನಿಮ್ಮಜ್ಜಿ ಸಾಕು, ನಂಗೆ ಮೈಯೆಲ್ಲ ಜುಮ್ ಅಂತು ಕಣೆ, ಸಾಲ್ ಮದ್ಯ ನಿಲ್ಸ್ತಾರಲ್ಲ, ಬರೀ ಫ್ಯಾನ್ ಸದ್ದು ಬತ್ತದಲ್ಲ, ಅಲ್ಲೊಂದು ಸ್ಯಾಕ್ಸಫೋನ್ ತುಂಬುಸ್ಬುಟ್ರೆ ಮುಗೀತು. ಅಜ್ಜೀನ ಒಂದ್ ಮಾತು ಕೇಳು, ಬ್ಯಾಡ ಅಂದ್ರೆ ಬ್ಯಾಡ, ಬಲವಂತ ಇಲ್ಲ. ಒಳ್ಳೆಯ ಹುಡುಗನೇ, ಬೈಯಲೂ ಆಗುವುದಿಲ್ಲ, ಅವನು ಹೇಳುತ್ತಿರುವುದು ನಿಜ ಕೂಡ, ಅರ್ಪಿತಳ ಆ ಮುಖ, ಅಜ್ಜಿಯ ದನಿ, ಖಾಲಿ ಜಾಗದಲ್ಲಿ ಎದ್ದು ಬರುವ ಸ್ಯಾಕ್ಸಫೋನು, ಕಣ್ಣು ಮುಚ್ಚಿದರೆ ಕೇಳುತ್ತದೆ, ಇಡೀ ಸಿನಿಮಾದಲ್ಲಿ ಅಂಥದ್ದು ಇನ್ನೊಂದಿಲ್ಲ, ಜನ ಎದ್ದು ನಿಲ್ಲುತ್ತಾರೆ, ಅವಳಿಗೆ ಹೆಸರು ಬರುತ್ತದೆ, ಬೇಕು, ಬೇಡವೆಂದರೆ ಸುಳ್ಳು. ಅಜ್ಜಿಯೇ ಬೇಡ ಎನ್ನಲಿ ದೇವರೇ, ನನ್ನ ಅಳು ಯಾರಿಗೂ ತೋರಿಸಬೇಡ ಎಂದು ರೇಗಲಿ, ಆಗ ತಾನು ಏನನ್ನೂ ತೀರ್ಮಾನಿಸಬೇಕಾಗಿಲ್ಲ ಎಂದುಕೊಂಡು ಲ್ಯಾಪ್‌ಟಾಪನ್ನು ಎದೆಗೆ ಹಿಡಿದು ಹಜಾರಕ್ಕೆ ನಡೆದಳು.

ಇವತ್ತೂ ಅವರೆಕಾಯಿಯದೇ ಸಂಭ್ರಮ, ಮೊರದ ತುಂಬ ಸಿಪ್ಪೆ. ಅಜ್ಜಿ, ನಿನ್ನೆ ನೀ ಅತ್ತದ್ದು ಇದ್ರಲ್ಲಿ ಹಿಡ್ಕೊಂಡುಬಿಟ್ಟಿದೆ, ಸಿನಿಮಾಗೆ ಹಾಕ್ಲಾ ಅಂತ ಕೇಳ್ತಾವ್ರೆ, ಎಲ್ಲಿ, ಬುಡು ನೋಡವ. ಬಿಟ್ಟಳು. ಅಜ್ಜಿ ಮದುವೆಮನೆಯಲ್ಲಿ ಪಾಯಸದ ರುಚಿ ನೋಡುವವಳ ಹಾಗೆ ತಲೆ ಓರೆ ಮಾಡಿ ಕೇಳಿದಳು, ನಾನಾ ಇದು, ಗಂಟ್ಲೇ ಓಗದೆ ನಂಗೆ, ಮೊದ್ಲು ಎಂಗಿತ್ತು ಗೊತ್ತಾ, ನಾನ್ ದನಿ ತೆಗುದ್ರೆ ಮೂರ್ ಕೇರಿ ಎಂಗುಸ್ರು ಎದ್ಬರವ್ರು. ಅಳಲಿಲ್ಲ, ಕೋಪವನ್ನೂ ಮಾಡಿಕೊಳ್ಳಲಿಲ್ಲ. ಆಕ್ಕೊ ಅಂದಳು. ಆಕ್ಕೊ, ಅದ್ರಲ್ಲೇನದೆ, ಊರ್ಗೆಲ್ಲ ಕೇಳ್ಲಿ ಅಂತ ತಾನೆ ಏಳ್ಕಂಡ್ ಅಳದು. ತೀರ್ಮಾನ ಮತ್ತೆ ಚಂದನಳ ತಲೆಗೇ ಬಂತು. ರೆಕಾರ್ಡು ಇನ್ನೂ ಓಡುತ್ತಿತ್ತು, ಸಾಲು ಮುಗಿದು ಫ್ಯಾನಿನ ಸದ್ದು ಬಂತು, ಅಜ್ಜಿಯ ಹುಬ್ಬು ಗಂಟಿಕ್ಕಿತು, ಇಲ್ಯಾಕೆ ಯಾರೂ ಎತ್ಕಂಡಿಲ್ಲ? ಅಲ್ಲಿ ಸ್ಯಾಕ್ಸಫೋನು ಅಂತ, ಊದೋದು ಅಜ್ಜಿ, ನಮ್ಮ ವಾಲಗದ ಥರ, ಅದನ್ನ ಹಾಕ್ತಾರಂತೆ. ವಾಲ್ಗ ಯಾಕೆ, ಅಜ್ಜಿ ಅಂದಳು, ಗದರಿಕೆಯ ದನಿಯಲ್ಲಿ ಅಲ್ಲ, ಅಂಗಡಿಯಲ್ಲಿ ಉಪ್ಪು ಮರೆತು ಬಂದವಳಿಗೆ ಹೇಳುವಂತೆ, ನಾನ್ ಜಾಗ ಬುಟ್ಟಿವ್ನಿ, ನೀ ಎತ್ಕಬೇಕಿತ್ತು, ಕೇಳ್ದೋರು ಏನಂದಾರು, ನಾಗ್ರಾಜಂಗೆ ಒಬ್ಳು ಮಗ್ಳೂ ಇರ್ನಿಲ್ವ ಅನ್ನಲ್ವ.

ಫ್ಯಾನಿನ ಸದ್ದು ಮುಗಿದು ರೆಕಾರ್ಡಿನಲ್ಲಿ ಇನ್ನೊಂದು ಸಾಲು ಬಂತು, ಚಂದನ ನಿಲ್ಲಿಸಿದಳು, ಫೋನು ತೆಗೆದು ನಿಂತಲ್ಲೇ ಬರೆದಳು, ಪುನೀತ್, ಅಮೆರಿಕದವಳೇ ಇರಲಿ, ಅವಳಿಗೆ ಉತ್ತರ ಕೊಡೋಕೆ ಗಿಟಾರಿದೆ, ಅಜ್ಜಿಯದನ್ನ ಅಳಿಸಿಬಿಡು, ಕಳಿಸಿಯಾಯಿತು, ಹೆಸರು ಬರುವುದಿತ್ತಲ್ಲ ಎಂದು ಒಳಗೊಂದು ಚಿಟುಕು ನೋವಾಯಿತು, ಆಗಲಿ. ಫೋನು ತಕ್ಷಣ ಗುರ್ ಎನ್ನತೊಡಗಿತು, ಮಗುಚಿ ಇಟ್ಟಳು. ಬಾ ಕುಂತ್ಕೊ, ಅಜ್ಜಿ ಮೊರವನ್ನು ಪಕ್ಕಕ್ಕೆ ಸರಿಸಿದಳು. ನಂಗ್ ಬರಲ್ಲ ಅಜ್ಜಿ, ನಂಗೆ ರಾಗ ಗೊತ್ತಿಲ್ಲ, ಇಷ್ಟು ದೇಶದ ರಾಗ ಆರಿಸುವವಳು, ಯಾವ ದನಿ ಎಲ್ಲಿ ಕೂರುತ್ತದೆ ಎಂದು ಊರಿಗೆಲ್ಲ ಹೇಳುವವಳು, ನೆಲದ ಮೇಲೆ ಕೂತಳು, ಮೊಣಕಾಲಿಗೆ ಮೊಣಕಾಲು ತಾಕಿತು, ರಾಗ ಏನ್ ಮಾಡೀಯೆ, ಕೂಗು, ಏನಂತ ಕೂಗ್ತಿದ್ದೆ ಅವ್ನ, ಅಂಗೇ ಕೂಗು, ಅಷ್ಟೇಯ. ಅಜ್ಜಿ ಸೆರಗು ಎಳೆದುಕೊಂಡಳು, ದನಿ ತೆಗೆದಳು, ಗಂಟಲು ಹೋದ ದನಿ, ಬಾಳೆಹಣ್ಣು ತತ್ತೀನಿ ಅಂದಿದ್ಯಲ್ಲೋ ಕಂದಾ, ನಿನ್ ಮಗ್ಳು ಬಂದು ಕುಂತವ್ಳೆ ನೋಡ್ಲಾ ಕಂದಾ — ನಿಲ್ಲಿಸಿದಳು. ಈಗ ಇಲ್ಲಿ ಮೈಕಿಲ್ಲ, ಮೀಟರಿಲ್ಲ, ತಿರುಗಿಸಲು ಗುಬುಟಿಲ್ಲ, ಚಂದನಳ ಬಾಯಿ ತೆರೆದಿದೆ, ಎರಡೇ ಅಕ್ಷರ, ದಿನಕ್ಕೆಷ್ಟು ಸಲ ಕರೆದದ್ದು, ಚಾರ್ಜರ್ ಎಲ್ಲಿ, ಗೇಟ್ ತೆಗಿ, ಬರುತ್ತಿಲ್ಲ, ಗಂಟಲಿನ ಅರ್ಧಕ್ಕೆ ಬಂದು ನಿಂತಿದೆ, ಇಳಿಯಲೂ ಇಲ್ಲ ಹತ್ತಲೂ ಇಲ್ಲ, ಫ್ಯಾನು ತಿರುಗುತ್ತಿದೆ, ಅಜ್ಜಿ ಕಾಯುತ್ತಿದ್ದಾಳೆ, ಮುಂದಿನ ಸಾಲಿಗೆ ಹೋಗುತ್ತಿಲ್ಲ, ಕೈ ಚಾಚಿದ್ದಾಳೆ, ಎಡಗೈ, ಹೆಬ್ಬೆರಳಿಗೆ ಅವರೆಯ ಸಿಪ್ಪೆ, ಆ ಕೈ, ಇನ್ನೂ ಗಾಳಿಯಲ್ಲೇ ಇರುವ ಆ ಕೈ.