ಔಷಧದಂಗಡಿಯ ಬಳಿ ಬಾಗಿದ ಬೇಲಿ

ನನ್ನ ಸೊಸೆಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಕರೆಯುವುದು ತಕರಾರು ಎಂದೇ. ಹೆಸರಿಟ್ಟವಳು ನಾನು, ಅದರಲ್ಲಿ ನನಗೆ ಯಾವ ನಾಚಿಕೆಯೂ ಇಲ್ಲ. ಮದುವೆಯಾಗಿ ಬಂದ ಮಾರನೆಯ ದಿನ, ಅಂಗಿಯನ್ನು ಹೀಗೆ ಮಡಿಸಬೇಕು ಕಣಮ್ಮ ಎಂದು ತೋರಿಸಿದರೆ, “ಹೀಗೇ ಯಾಕತ್ತೆ?” ಎಂದು ಕೇಳಿದವಳು ಅವಳು. ಬುದ್ಧಿ ಬಂದಾಗಿನಿಂದ ಇಸ್ತ್ರಿಪೆಟ್ಟಿಗೆ ಹಿಡಿದವಳನ್ನು ಯಾಕೆ ಎಂದು ಕೇಳುವುದೇ? ಅವಳು ವಕೀಲೆ. ಬಾಡಿಗೆ ಮನೆಯ ಜಗಳ, ಕೂಲಿ ಕೊಡದ ಯಜಮಾನರ ಜಗಳ, ಅವಳ ಕೈಗೆ ಬರುವುದು ಇಂಥವೇ. ಕೋರ್ಟಿನಲ್ಲಿ ಅದು ಅನ್ನ ಕೊಡುವ ವಿದ್ಯೆಯಾಗಿರಬಹುದು, ಮನೆಯಲ್ಲಿ ಮಾತ್ರ ತಲೆ ಚಿಟ್ಟು ಹಿಡಿಸುತ್ತದೆ. ಅಡುಗೆಗೆ ಉಪ್ಪು ಜಾಸ್ತಿಯಾಯಿತು ಎಂದರೂ ಅವಳಿಗೆ ಆಧಾರ ಬೇಕು.

ಈಗ ಅದೇ ಬಾಯನ್ನು ಹೊಗಳಲು ಕೂತಿದ್ದೇನೆ. ನನ್ನನ್ನು ಬಲ್ಲವರಿಗೆ ಇದು ನಗು ತರಿಸಬಹುದು, ತರಿಸಲಿ.

ನಮ್ಮ ಓಣಿಯವರೆಲ್ಲ ಕಪ್ಪು ಮೈಯವರು. ಊರಿನ ಬಿಳಿಯರು ನಮ್ಮ ಕಡೆ ಬರುವುದು ಬಟ್ಟೆ ಇಸ್ತ್ರಿಗೆ ಕೊಡಲು, ಚಪ್ಪಲಿ ಹೊಲಿಸಲು. ಸಾಲುಮನೆಗಳ ನಡುವೆ ಬಿಳಿಯರದು ಒಂದೇ ಒಂದು ಮನೆ, ಔಷಧದಂಗಡಿಯವರದು. ಕೆಳಗೆ ಅಂಗಡಿ, ಮೇಲೆ ಮನೆ. ನಮಗೂ ಅವರಿಗೂ ನಡುವೆ ಇರುವುದು ಒಂದೇ ಗೋಡೆ. ಅವರ ಗಡಿಯಾರ ಹೊಡೆದರೆ ನಾವು ಗಂಟೆ ಎಣಿಸುತ್ತೇವೆ. ಅವರಾಚೆ ಕಡೆಗೆ ಆಸ್ಪತ್ರೆಯ ನರ್ಸಿನ ಮನೆ, ಅವಳೂ ನಮ್ಮವಳೇ.

ಸಾಂಕ್ರಾಮಿಕ ರೋಗ ಊರನ್ನೆಲ್ಲ ಅಲ್ಲಾಡಿಸುತ್ತಿದ್ದ ಆ ವರ್ಷ, ನಮ್ಮ ತುದಿಮನೆಯ ಬಡಗಿಗೆ ಜ್ವರ ಬಂತು. ಪರೀಕ್ಷೆ ಮಾಡಿ ಸ್ವಾಮಿ ಎಂದು ಪಾಪ ಎಲ್ಲ ಕಡೆ ಅಲೆದ. ಹೋದಲ್ಲೆಲ್ಲ ನಾಳೆ ಬಾ, ನಾಳೆ ಬಾ. ಕೊನೆಗೆ ಪರೀಕ್ಷೆ ಮಾಡಿದ್ದು ಅವನ ಹೆಣಕ್ಕೆ. ಮರುದಿನ ಬಾಗಿಲು ತೆರೆದು ನೋಡುತ್ತೇನೆ, ಮೂಗಿನ ಮುಂದೆಯೇ ತಗಡಿನ ಬೇಲಿ! ಓಣಿ ಸೀಲ್‌ಡೌನ್ ಅಂತೆ. ಬೇಲಿ ಸಾಲುಮನೆಗಳ ಮುಂದೆ ನೆಟ್ಟಗೆ ಬಂದು, ನಮ್ಮ ಮನೆ ದಾಟುತ್ತಿದ್ದ ಹಾಗೆ ಗಕ್ಕನೆ ಒಳಕ್ಕೆ ತಿರುಗಿ ಆ ನಡುಗೋಡೆಗೆ ತಾಗಿ, ಗೋಡೆಯ ಹಿಂಬದಿಯಿಂದ ಮತ್ತೆ ಹೊರಟು, ಔಷಧದಂಗಡಿಯವನ ಹಿತ್ತಿಲನ್ನು ಬಳಸಿಕೊಂಡು ಹೋಗಿ, ಆಚೆ ಕಡೆ ಹೊರಕ್ಕೆ ಬಂದು ಮತ್ತೆ ನೆಟ್ಟಗೆ ಸಾಗಿತ್ತು. ಅವನ ಮನೆಯೊಂದು ಬೇಲಿಯ ಹೊರಗೆ, ನಾವೆಲ್ಲ ಒಳಗೆ.

ಬೇಲಿ ಹಾಳಾಗಿ ಹೋಗಲಿ, ನನ್ನ ಚಿಂತೆ ಬೇರೆಯೇ ಇತ್ತು. ನಮ್ಮ ಯಜಮಾನರು ಟೈಲರ್. ಕಿಡ್ನಿ ಎರಡೂ ಕೈಕೊಟ್ಟು ವರ್ಷಗಳಾಗಿವೆ. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮೆಷಿನ್ನಿನಲ್ಲಿ ರಕ್ತ ತೊಳೆಸಿಕೊಂಡು ಬಂದರೇ ಅವರ ಜೀವ. ಮಗ ಲಾರಿ ಡ್ರೈವರು, ಎಲ್ಲೋ ದೂರದ ಗಡಿಯಲ್ಲಿ ಸಿಕ್ಕಿಹಾಕಿಕೊಂಡಿದ್ದ. ನಾನೂ ಸೊಸೆಯೂ ಅವರ ಕೈಹಿಡಿದು ಬೇಲಿಯ ಬಾಗಿಲಿಗೆ ಹೋದೆವು. ಅಲ್ಲಿ ಕಾವಲಿದ್ದ ಪೊಲೀಸಿನವನು, “ಆಂಬುಲೆನ್ಸ್ ಬಂದ್ರೆ ಬಿಡ್ತೀನಿ, ನಡ್ಕೊಂಡು ಹೋಗೋರನ್ನ ಬಿಡೋ ಹಾಗಿಲ್ಲ” ಎಂದ. ಆಂಬುಲೆನ್ಸಿಗೆ ಫೋನ್ ಮಾಡಿದರೆ, ಸೀಲ್ ಆದ ಓಣಿಗೆ ನಾವು ಬರುವ ಹಾಗಿಲ್ಲ ಎಂದರು. ಎಂಥ ಚೆಂದದ ಏರ್ಪಾಡು ನೋಡಿ!

ನಾನು ಪೊಲೀಸಿನವನಿಗೆ ಕೈಮುಗಿದೆ. “ನಿಮ್ಮಪ್ಪ ಅಂದ್ಕೊಂಡು ಬಿಟ್ಬಿಡಪ್ಪ” ಎಂದು ಗೋಗರೆದೆ. ಸೊಸೆ ನನ್ನ ಎರಡೂ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

“ಕೈ ಇಳಿಸಿ ಅತ್ತೆ. ನಾವೇನು ಭಿಕ್ಷೆ ಕೇಳ್ತಿಲ್ಲ.”

“ಬಾಯಿ ಮುಚ್ಚೇ, ಕೇಳಿದ್ರೆ ಗಂಟೇನು ಹೋಗುತ್ತೆ?” ಎಂದೆ. ಕೇಳಿಯೂ ಅವನು ಬಿಡಲಿಲ್ಲ ಅನ್ನುವುದು ಬೇರೆ ಮಾತು.

ಆ ದಿನದ ಡಯಾಲಿಸಿಸ್ ತಪ್ಪಿತು. ಸೊಸೆ ಅಡುಗೆಮನೆಯ ಮೂಲೆಯಲ್ಲಿ ಕೂತು ಕೇಸು ಬರೆದು, ಫೋನಿನಲ್ಲೇ ಕೋರ್ಟಿಗೆ ಹಾಕಿದಳು. ವಿಚಾರಣೆ ಗೊತ್ತಾಗುವಷ್ಟರಲ್ಲಿ ಇನ್ನೊಂದು ಸರದಿಯೂ ತಪ್ಪಿತ್ತು. ನಮ್ಮ ಯಜಮಾನರ ಪಾದ ಊದಿ ಚಪ್ಪಲಿ ಹಿಡಿಯದಾಯಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ದಿಂಬು ಕೊಟ್ಟು ಕೂರಿಸಿದ್ದೆವು. ನರ್ಸು ಬಂದು ನೋಡಿ, ನನ್ನನ್ನು ಪಕ್ಕಕ್ಕೆ ಕರೆದು, “ಇವತ್ತೂ ತಪ್ಪಿದ್ರೆ ಕಷ್ಟ ಅಮ್ಮಾ” ಎಂದಳು. ಏನು ಮಾಡಲೂ ತೋಚದೆ ಸೊಸೆಯ ಕಪ್ಪು ಕೋಟು ತೆಗೆದು ಇಸ್ತ್ರಿ ಮಾಡಿದೆ. ನನಗೆ ಬರುವುದು ಅದೊಂದೇ ತಾನೆ.

ಕೋರ್ಟು ಕೂತದ್ದು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ. ಸಕ್ಕರೆ ಡಬ್ಬಕ್ಕೆ ಒರಗಿಸಿದ ಫೋನಿನಲ್ಲಿ ಒಂದು ಕಡೆ ಜಡ್ಜು, ಇನ್ನೊಂದು ಕಡೆ ಸರ್ಕಾರಿ ವಕೀಲ, ಅವನ ಹಿಂದೆ ಗೋಡೆಗೋಡೆಯೆಲ್ಲ ಪುಸ್ತಕ. ನಮ್ಮವಳು ಮೇಲೆ ಗರಿಗರಿ ಕೋಟು ತೊಟ್ಟಿದ್ದಳು, ಕೆಳಗೆ ಬಚ್ಚಲಿನ ಹವಾಯಿ ಚಪ್ಪಲಿ.

ಸರ್ಕಾರಿ ವಕೀಲನ ದನಿ ಬೆಣ್ಣೆ ಸವರಿದಂತಿತ್ತು. “ಆ ಜನರ ಮನೆಗಳಲ್ಲಿ ಕಿಕ್ಕಿರಿದು ತುಂಬಿರ್ತಾರೆ ಸ್ವಾಮಿ. ಅಂತರ ಕಾಪಾಡಿ ಅಂದ್ರೆ ಕೇಳೋರಲ್ಲ. ಅವರ ಒಳ್ಳೇದಕ್ಕೇ ಈ ಬೇಲಿ.”

ನನ್ನ ಪಿತ್ತ ನೆತ್ತಿಗೇರಿತು. ಆ ಜನ ಅಂತೆ! ಅವನ ಆ ಬಿಳಿ ಕಾಲರನ್ನು ಇಸ್ತ್ರಿ ಮಾಡಿದ್ದು ನಮ್ಮಂಥ ಜನವೇ ಅಲ್ಲವೇ? ಬಾಯಿ ತೆರೆಯುವಷ್ಟರಲ್ಲಿ ಸೊಸೆ ನನ್ನ ತೊಡೆಯ ಮೇಲೆ ಕೈಯಿಟ್ಟು ಒತ್ತಿದಳು. ಅವಳಿಗೆ ಸಿಟ್ಟೇ ಬರಲಿಲ್ಲ, ಅಥವಾ ಬಂದದ್ದು ತೋರಲಿಲ್ಲ.

“ಸ್ವಾಮಿ, ಬೇಲಿ ಬೇಡ ಅಂತ ನಾನು ಕೇಳ್ತಿಲ್ಲ” ಎಂದಳು. “ಕಾಯಿಲೆ ಸುಳ್ಳಲ್ಲ, ನಮ್ಮ ಬಡಗೀನ ಕೊಂದಿದೆ. ಆದ್ರೆ ಕಾನೂನು ಹೇಳೋದೇನು? ಪರೀಕ್ಷೆ ಮಾಡಿ, ಕಾಯಿಲೆ ಎಲ್ಲಿದ್ಯೋ ಅಲ್ಲಿ ಬೇಲಿ ಹಾಕಿ, ಒಳಗಿರೋರಿಗೆ ಚಿಕಿತ್ಸೆ ತಪ್ಪಿಸಬೇಡಿ ಅಂತ. ಇಲ್ಲಿ ಬದುಕಿರೋರಲ್ಲಿ ಒಬ್ಬರಿಗೂ ಪರೀಕ್ಷೆ ಮಾಡಿಲ್ಲ. ಮೈಬಣ್ಣ ನೋಡ್ಕೊಂಡು ತಗಡು ನಿಲ್ಲಿಸಿದ್ದಾರೆ.”

ಜಡ್ಜು ಕನ್ನಡಕ ತೆಗೆದರು. “ಮೈಬಣ್ಣ ಅನ್ನೋದು ದೊಡ್ಡ ಮಾತು ವಕೀಲರೇ. ಆಧಾರ ಏನು?”

“ತೋರಿಸ್ತೀನಿ ಸ್ವಾಮಿ, ಬನ್ನಿ” ಎಂದವಳೇ ಫೋನು ಎತ್ತಿಕೊಂಡು ಎದ್ದಳು. ಕೋರ್ಟನ್ನು ಕೈಯಲ್ಲಿ ಹಿಡಿದುಕೊಂಡು ಮನೆಯಿಂದ ಹೊರಬಿದ್ದಳು! ಬೇಲಿಯ ಉದ್ದಕ್ಕೂ ಪಟಪಟ ಚಪ್ಪಲಿ ಬಡಿಯುತ್ತ ನಡೆದಳು, ನಾನು ಅವಳ ಹಿಂದೆಯೇ. ಓಣಿಯವರೆಲ್ಲ ಕಿಟಕಿಗಳಲ್ಲಿ ನಿಂತು ನೋಡುತ್ತಿದ್ದರು. ಬೇಲಿ ತಿರುಗಿ ಗೋಡೆಗೆ ತಾಗುವಲ್ಲಿ ನಮ್ಮ ಮನೆಯೊಳಗಿಂದಲೇ ಹಿಂದಕ್ಕೆ ದಾಟಿದಳು, ಹಿತ್ತಿಲು ಬಳಸುವಲ್ಲಿ ಬಳಸಿದಳು, ಆಚೆ ಕಡೆ ಹೊರಬಂದು ನಿಂತಳು.

“ಈಗ ನಾವು ಸುತ್ತಿ ಬಂದ್ವಲ್ಲ ಸ್ವಾಮಿ, ಆ ಮನೆಯೊಂದು ಬೇಲಿಯಿಂದ ಹೊರಗಿದೆ. ಅದರ ಗೋಡೆಯೇ ನಮ್ಮನೆ ಗೋಡೆ.”

“ಅದು ಔಷಧದಂಗಡಿ, ಅಗತ್ಯ ಸೇವೆ” ಎಂದ ಸರ್ಕಾರಿ ವಕೀಲ.

“ನಾನೀಗ ನಿಂತಿರೋದು ಆಸ್ಪತ್ರೆ ನರ್ಸಿನ ಮನೆ ಮುಂದೆ. ಅವರು ಬೇಲಿ ಒಳಗಿದ್ದಾರೆ, ಡ್ಯೂಟಿಗೆ ಹೋಗೋಕೂ ಬಿಟ್ಟಿಲ್ಲ. ನರ್ಸು ಅಗತ್ಯ ಸೇವೆ ಅಲ್ವಾ?”

ಅಷ್ಟರಲ್ಲಿ ಮೇಲಿನ ಕಿಟಕಿ ತೆರೆಯಿತು. ಔಷಧದಂಗಡಿಯವನು ತಲೆ ಹೊರಗೆ ಹಾಕಿದ. ನಮ್ಮ ಮೇಲೆ ರೇಗುತ್ತಾನೆ ಎಂದುಕೊಂಡೆ. ಅವನು ಫೋನಿನತ್ತ ಬಗ್ಗಿ ಗಟ್ಟಿಯಾಗಿ ಹೇಳಿದ: “ಒಂದೇ ಗೋಡೆ ಅನ್ನೋದು ನಿಜ ಸಾರ್. ಇವರು ಮೆಣಸಿನಕಾಯಿ ಹುರಿದ್ರೆ ನಮ್ಮನೇಲಿ ಸೀನ್ತೀವಿ. ನನ್ನ ಮನೆ ಬಿಡಿ ಅಂತ ನಾನು ಯಾರನ್ನೂ ಕೇಳ್ಕೊಂಡಿಲ್ಲ. ನನಗೂ ಪರೀಕ್ಷೆ ಮಾಡ್ಸಿ.” ಅಷ್ಟು ವರ್ಷ ಆ ಮನುಷ್ಯನ ಬಾಯಲ್ಲಿ ಮಾತ್ರೆಯ ಲೆಕ್ಕ ಬಿಟ್ಟು ಬೇರೆ ಮಾತು ಕೇಳಿದವಳಲ್ಲ ನಾನು.

ಊಟದ ಬಿಡುವಿನ ನಂತರ ಮುಂದುವರಿಸೋಣ ಎಂದರು ಜಡ್ಜು. ಊಟ ಯಾರಿಗೆ ಬೇಕಿತ್ತು? ಒಳಗೆ ನಮ್ಮ ಯಜಮಾನರ ಉಸಿರು ಗೊರಗೊರ ಎನ್ನುತ್ತಿತ್ತು. ಆಗ ಸೊಸೆಯ ಫೋನು ಹೊಡೆದುಕೊಂಡಿತು. ಆರೋಗ್ಯ ಇಲಾಖೆಯ ದೊಡ್ಡ ಅಧಿಕಾರಿ. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಆಮೇಲೆ ಹೇಳ್ತೀನಿ ಎಂದು ಇಟ್ಟಳು.

“ಮಾವನಿಗೊಬ್ಬರಿಗೆ ಪಾಸ್ ಕೊಡ್ತಾರಂತೆ. ಅರ್ಧ ಗಂಟೇಲಿ ಕಾರು ಕಳಿಸ್ತಾರಂತೆ. ಕೇಸು ವಾಪಸ್ ತಗೋಬೇಕು.”

“ತಗೊಳ್ಳೇ! ಇನ್ನೇನು ಯೋಚನೆ?” ಎಂದು ಕಿರುಚಿದೆ. ಈಗಲೂ ಹೇಳುತ್ತೇನೆ, ಆ ಕ್ಷಣದಲ್ಲಿ ನನಗೆ ಓಣಿ ಬೇಕಿರಲಿಲ್ಲ, ನ್ಯಾಯ ಬೇಕಿರಲಿಲ್ಲ, ನನ್ನ ಗಂಡ ಬೇಕಿತ್ತು. ಯಾವ ಹೆಂಗಸಾದರೂ ಅದನ್ನೇ ಹೇಳುತ್ತಿದ್ದಳು.

ಅವಳು ಮಾವನ ಮುಂದೆ ನೆಲದ ಮೇಲೆ ಕೂತಳು. ಆ ಊದಿದ ಪಾದಗಳ ಪಕ್ಕದಲ್ಲಿ. ತಕರಾರು ಎಂದು ನಾವು ಕರೆಯುವ ಹುಡುಗಿ, ವಾದಿಸದೆ ಅವರನ್ನೇ ಕೇಳಿದಳು.

“ಮಾವ, ಉಸಿರು ನಿಮ್ಮದು. ವಾದ ಮಾಡಿ ಸೋತ್ರೆ ಈ ಪಾಸೂ ಇರಲ್ಲ. ಸುಳ್ಳು ಭರವಸೆ ಕೊಡಲ್ಲ ನಾನು. ನೀವು ಹೂಂ ಅಂದ್ರೆ ಈಗಲೇ ವಾಪಸ್ ತಗೋತೀನಿ, ನನಗೇನೂ ಬೇಜಾರಿಲ್ಲ.”

ಅವರು ಬಹಳ ಹೊತ್ತು ಉಸಿರು ಕೂಡಿಸಿಕೊಂಡರು. ಜೀವನವಿಡೀ ಬಟ್ಟೆಯ ಮೇಲೆ ಗೆರೆ ಎಳೆದ ಮನುಷ್ಯ, ಕೈಯಲ್ಲೇ ಗಾಳಿಯಲ್ಲಿ ಒಂದು ಗೆರೆ ಎಳೆದು, ನಡುವೆ ಸೊಟ್ಟ ಮಾಡಿ ತೋರಿಸಿದರು.

“ಬೇಲೀನ ಪಕ್ಕದ್ಮನೆಯವನಿಗೋಸ್ಕರ ಒಂದ್ಸಲ ಬಾಗಿಸಿದ್ರು. ಈಗ ನನಗೋಸ್ಕರ ಇನ್ನೊಂದ್ಸಲ ಬಾಗಿಸ್ತಾರಾ? ಬೇಡಮ್ಮ. ನೆಟ್ಟಗೆ ಕತ್ತರಿಸು.”

“ನಿಮ್ಮ ತಲೆ ನೆಟ್ಟಗಿಲ್ಲ!” ಎಂದು ಬೈದೆ. ಅಳುತ್ತಲೇ ಬೈದೆ. ಅವರು ನನ್ನ ಕೈ ಹಿಡಿದುಕೊಂಡು ಬಿಡಲಿಲ್ಲ. ಸೊಸೆ ಎದ್ದು ಮುಖ ತೊಳೆದು, ಕೋಟಿನ ಗುಂಡಿ ಹಾಕಿಕೊಂಡು, ಸಕ್ಕರೆ ಡಬ್ಬದ ಮುಂದೆ ನಿಂತಳು.

ಬಿಡುವಿನ ನಂತರ ಅವಳಾಡಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

“ಸ್ವಾಮಿ, ಊಟದ ಹೊತ್ತಲ್ಲಿ ಇಲಾಖೆಯಿಂದ ನನಗೆ ಫೋನ್ ಬಂತು. ಕೇಸು ವಾಪಸ್ ತಗೊಂಡ್ರೆ ನಮ್ಮ ಮಾವನ್ನ ಅರ್ಧ ಗಂಟೇಲಿ ಹೊರಗೆ ಬಿಡ್ತಾರಂತೆ. ಪರೀಕ್ಷೆ ಇಲ್ಲ, ಏನಿಲ್ಲ. ಕಾಯಿಲೆ ಹರಡುತ್ತೆ ಅನ್ನೋ ಭಯಕ್ಕೆ ಹಾಕಿದ ಬೇಲಿ ಆಗಿದ್ರೆ, ಪರೀಕ್ಷೆ ಮಾಡದೆ ಒಬ್ಬರನ್ನ ಹೇಗೆ ಹೊರಗೆ ಬಿಡ್ತಾರೆ? ಬಿಡಬಹುದು ಅಂತಾದ್ರೆ, ಇಷ್ಟು ದಿನ ಯಾಕೆ ಕೂಡಿಹಾಕಿದ್ರು? ನಮ್ಮ ಮಾವ ಆ ಪಾಸ್ ಬೇಡ ಅಂದ್ರು ಸ್ವಾಮಿ. ಪಕ್ಕದ ಕೋಣೇಲಿ ಕೂತಿದ್ದಾರೆ. ಅವರ ಉಸಿರು ನಿಮಗೂ ಕೇಳಿಸ್ತಿರಬೇಕು.”

ಜಡ್ಜು ಸರ್ಕಾರಿ ವಕೀಲನನ್ನು ನಿಜವೇ ಎಂದು ಕೇಳಿದರು. ಅವನು ಮೊದಲು ಪುಸ್ತಕಗಳತ್ತ ನೋಡಿದ, ಆಮೇಲೆ ಕೆಳಗೆ ನೋಡಿದ. “ಮಾನವೀಯತೆಯಿಂದ ಹೇಳಿದ್ದು ಸ್ವಾಮಿ...” ಎಂದ.

“ಆ ಮಾನವೀಯತೆಗೆ ಕೇಸು ವಾಪಸ್ ತಗೊಳ್ಳೋ ಷರತ್ತು ಯಾಕ್ರೀ?” ಎಂದರು ಜಡ್ಜು.

ಆದೇಶ ಅಲ್ಲೇ ಆಯಿತು. ಔಷಧದಂಗಡಿಯವರೂ ಸೇರಿ ಓಣಿಯ ಎಲ್ಲರಿಗೂ ಪರೀಕ್ಷೆ. ಅದರಲ್ಲಿ ಕಾಯಿಲೆ ಕಂಡರೆ ಮಾತ್ರ ಬೇಲಿ, ಅದೂ ಯಾರ ಮನೆಯನ್ನೂ ಬಿಡದೆ. ಅಲ್ಲಿಯ ತನಕ ಚಿಕಿತ್ಸೆಗೆ ಹೋಗುವವರನ್ನು, ಅವರ ಜೊತೆಗೊಬ್ಬರನ್ನು, ಕೆಲಸಕ್ಕೆ ಹೋಗುವ ನರ್ಸನ್ನು ಯಾವ ಪಾಸೂ ಕೇಳದೆ ಬಿಡಬೇಕು, ಈ ಕ್ಷಣದಿಂದಲೇ. ಓಣಿಯಲ್ಲಿ ಯಾರೋ ಖುಷಿಗೆ ಬೇಲಿಯ ತಗಡು ಬಡಿಯತೊಡಗಿದರು. ಅವಳು ಗೆದ್ದೆ ಎಂದು ಕುಣಿಯಲಿಲ್ಲ. ಮಾವನ ಊದಿದ ಪಾದಕ್ಕೆ ನನ್ನ ಹಳೆಯ ಅಗಲ ಚಪ್ಪಲಿ ತೊಡಿಸತೊಡಗಿದಳು. ನನ್ನ ಸೊಸೆ ಅವಳು. ಹೆಮ್ಮೆಯಿಂದ ಹೇಳುತ್ತೇನೆ, ನನ್ನ ಸೊಸೆ.

ಬೇಲಿಯ ಬಾಗಿಲಿಗೆ ಬಂದೆವು. ನರ್ಸು ಒಂದು ಕಡೆ, ನಾನೊಂದು ಕಡೆ ಅವರನ್ನು ಹಿಡಿದಿದ್ದೆವು. ಅದೇ ಪೊಲೀಸಿನವನು ಲಾಠಿ ಅಡ್ಡ ಹಿಡಿದ. “ಆದೇಶ ಏನೋ ಬಂದಿದೆ ಅಂದ್ರು. ಆದ್ರೆ ರೋಗಿ ಒಬ್ಬರೇ ಬರ್ಲಿ. ಪಾಸ್ ಎಲ್ಲಿ?”

ಸೊಸೆ ಬಾಯಿ ತೆರೆದಳು. ಬೆಳಗಿನಿಂದ ವಾದಿಸಿದ ಗಂಟಲು, ಒಂದು ಅಕ್ಷರವೂ ಹೊರಡಲಿಲ್ಲ. ಬರೀ ಗಾಳಿ. ನನ್ನ ಕೈಗಳು ಹಳೆಯ ಅಭ್ಯಾಸಕ್ಕೆ ಮುಗಿಯಲು ಮೇಲೇಳುತ್ತಿದ್ದವು. ಅವಳು ನೋಡುತ್ತಿದ್ದಳು. ನಾನು ಕೈ ಇಳಿಸಿದೆ.

“ಯಾಕೆ?” ಎಂದೆ ಪೊಲೀಸಿನವನಿಗೆ. “ಒಬ್ಬರೇ ಯಾಕೆ ಹೋಗ್ಬೇಕು? ಜೊತೆಗೊಬ್ಬರು ಅಂತ ಜಡ್ಜು ಹೇಳಿದ್ದನ್ನ ನಾನು ಈ ಕಿವಿಯಲ್ಲಿ ಕೇಳಿದೀನಿ, ನಮ್ಮ ಸಕ್ಕರೆ ಡಬ್ಬದ ಮುಂದೆ ನಿಂತ್ಕೊಂಡು. ಪಾಸ್ ಕೇಳ್ಬಾರ್ದು ಅಂತಾನೂ ಹೇಳಿದ್ದಾರೆ. ನಿಮ್ಮ ಹತ್ರ ಬೇರೆ ಆದೇಶ ಇದ್ರೆ ತೋರಿಸಿ. ಇಲ್ಲ ಅಂದ್ರೆ ಲಾಠಿ ತೆಗೀರಿ.”

ಅವನು ನನ್ನನ್ನು ನೋಡಿದ, ಕೋಟು ತೊಟ್ಟವಳನ್ನು ನೋಡಿದ, ಲಾಠಿ ಇಳಿಸಿದ. ನಾವು ಹೊರಗೆ ಕಾಲಿಟ್ಟೆವು. ರಸ್ತೆಯಲ್ಲಿ ನರ್ಸು ಫೋನ್ ಮಾಡಿ ಕರೆಸಿದ್ದ ಆಂಬುಲೆನ್ಸ್ ನಿಂತಿತ್ತು. ನಮ್ಮ ಯಜಮಾನರು ಹತ್ತುವ ಮುಂಚೆ ನಿಂತು, ಉಸಿರು ಕೂಡಿಸಿಕೊಂಡು, ಬೇಲಿಯ ಬಾಗಿಲಲ್ಲೇ ನಿಂತ ಸೊಸೆಯ ಕಡೆ ತಿರುಗಿದರು.

“ನಿನ್ನೊಬ್ಬಳನ್ನೇ ತಡ್ಕೊಳ್ಳೋಕಾಗ್ತಿರ್ಲಿಲ್ಲ ನನಗೆ” ಎಂದರು. “ಈಗ ಮನೇಲಿ ಇಬ್ಬರಾದ್ರಲ್ಲಮ್ಮ!”