ಒಲೆಯ ಸುತ್ತ ಮೂರು ಸುತ್ತು

ಹೆಣ್ಣು ಹುಟ್ಟಿದೆ ಎಂದು ಬಾಗಿಲಿಗೆ ಉಣ್ಣೆ ಕಟ್ಟಿ ಅಂದಿಗೆ ಐದು ದಿನ. ಐದನೆಯ ದಿನ ತಂದೆ ಮಗುವನ್ನೆತ್ತಿಕೊಂಡು ಒಲೆಯ ಸುತ್ತ ಮೂರು ಸುತ್ತು ಬಂದರೆ ಅದು ಮನೆಯ ಮಗು. ಬಾರದಿದ್ದರೆ ಮಣ್ಣಿನ ಗಡಿಗೆಯಲ್ಲಿ ಮಲಗಿಸಿ ಗುಡ್ಡದ ದಾರಿಯಲ್ಲಿ ಬಿಟ್ಟು ಬರಬೇಕು. ಬಿಸಿಲು ಆಗಲೇ ಗೋಡೆ ಹತ್ತಿತ್ತು. ಮಿರ್ರಿನೆಯ ಗಂಡ ದಾಮಾಗೊರಾಸ್ ಇನ್ನೂ ಬಂದಿರಲಿಲ್ಲ.

ಅವನು ಮೆಗಾರ ಪಟ್ಟಣದ ಪೇಟೆಯಲ್ಲಿ ತತ್ತ್ವ ಹೇಳುವವನು. ಇಲ್ಲದೆಯೂ ಬದುಕಬಹುದಾದದ್ದನ್ನು ಇಟ್ಟುಕೊಂಡವನು ಅದರ ಗುಲಾಮ ಎನ್ನುವುದು ಅವನ ಮಾತು. ಆ ಮಾತಿಗೆ ಚಳಿಗಾಲದಲ್ಲಿ ಮಂಚ ಹೋಗಿತ್ತು, ಬೇಸಿಗೆಯಲ್ಲಿ ಅವಳ ತವರಿನ ಪೆಟ್ಟಿಗೆ. ಮಗು ಹುಟ್ಟಿದ ದಿನ ಬಾಗಿಲಲ್ಲಿ ನಿಂತು ನೋಡಿ, "ಹೂಂ" ಅಂದು ಹೋಗಿದ್ದ. ಅದು ಎಂಥ ಹೂಂ ಎಂದು ಕೇಳುವ ಧೈರ್ಯ ಮಿರ್ರಿನೆಗೆ ಬಂದಿರಲಿಲ್ಲ. ಐದು ದಿನದಿಂದ ಅದನ್ನೇ ಮಗುಚಿ ಮಗುಚಿ ನೋಡುತ್ತಿದ್ದಳು.

ಅವನನ್ನು ಕರೆಯಲು ಹೋಗಿದ್ದ ಮುದಿ ಸೂಲಗಿತ್ತಿ ನಿಕಾರೆಟೆ ಏದುಸಿರು ಬಿಡುತ್ತ ಬಂದಳು.

"ಸಿಕ್ಕಿದ್ರಾ ಅಜ್ಜಿ?"

"ಸಿಗ್ದೆ ಏನು! ಎಣ್ಣೆ ಮಾರೋನ ಜೊತೆ ವಾದ. ನೆರಳು ನಡೆಯುತ್ತೋ, ನಿಂತಿರುತ್ತೋ ಅಂತ. ನೆರಳು ಹಾಳಾಗ್ಲಿ, ನೀನು ನಡಿಯಪ್ಪಾ ಮನೆಗೆ ಅಂದೆ."

"ಏನಂದ್ರು?"

"ಒಳ್ಳೆ ಮಾತು ಅಂದ. ಅಲ್ಲೇ ನಿಂತ."

ಮಿರ್ರಿನೆ ಮಗುವನ್ನು ಎದೆಗೊತ್ತಿಕೊಂಡಳು.

ಬಿಸಿಲು ಸೂರಿನ ಅಂಚಿಗೆ ಹೋದಾಗ ಅವನು ಬಂದ. ಕೈ ಚಾಚಿದ. ಎತ್ತಿಕೊಳ್ಳಲೋ, ಹೊತ್ತುಕೊಂಡು ಹೋಗಲೋ ತಿಳಿಯದೆ ಅವಳು ಹಿಂಜರಿದಳು. ನಿಕಾರೆಟೆ ಮೊಣಕೈಯಿಂದ ತಿವಿದ ಮೇಲೆ ಕೊಟ್ಟಳು.

ಅವನು ಒಲೆಯ ಕಡೆ ತಿರುಗಿದ. ಒಂದು ಸುತ್ತು. ಎರಡು. ಮೂರನೆಯದರ ಅರ್ಧಕ್ಕೆ ನಿಂತುಬಿಟ್ಟ.

ಯೋಚನೆ ಬಂದರೆ ಅವನ ಕಾಲು ನಿಲ್ಲುವುದು ಊರಿಗೇ ಗೊತ್ತು. ಒಮ್ಮೆ ಗಾಣದ ದಾರಿಯಲ್ಲಿ ಹಾಗೆ ನಿಂತು ಕತ್ತೆಯಿಂದ ಗುದ್ದಿಸಿಕೊಂಡಿದ್ದ. ಆದರೆ ಈಗ ಬಂದದ್ದು ಯಾವ ಯೋಚನೆ?

"ನಡಿಯೋ! ನಿಮ್ಮಮ್ಮನ ಹೆರಿಗೆ ಮಾಡ್ಸಿದೋಳೂ ನಾನೇ, ನಿಮ್ಮಪ್ಪ ಹೀಗೆ ನಿಂತಿರ್ಲಿಲ್ಲ."

"ತಡಿ ಅಜ್ಜಿ. ಗಡ್ಡ ಹಿಡ್ಕೊಂಡಿದೆ. ಎಳೆದ್ರೆ ಬೆರಳಿಗೆ ನೋವಾಗುತ್ತೇನೋ."

"ಬಿಡಿಸ್ಬೇಡಿ," ಅಂದಳು ಮಿರ್ರಿನೆ. ತನ್ನ ದನಿ ಕೇಳಿ ಅವಳೇ ಬೆಚ್ಚಿದಳು. "ಹಾಗೇ ನಡೀರಿ."

ಅವನು ಅವಳ ಮುಖ ನೋಡಿದ. "ಎಷ್ಟು ಸುತ್ತಾಯ್ತು?"

"ಎರಡೂವರೆ," ಅಂದಳು ನಿಕಾರೆಟೆ.

"ನಡುವೆ ನಿಂತಿದ್ದು ಲೆಕ್ಕಕ್ಕಿದೆಯೋ ಇಲ್ವೋ? ನಾಳೆ ಯಾರೂ ಬಾಯಿ ತೆಗೀಬಾರ್ದು. ಮೊದಲಿಂದ ಬರ್ತೀನಿ."

ಗಡ್ಡ ಹಿಡಿಸಿಕೊಂಡೇ, ಕತ್ತು ಬಗ್ಗಿಸಿ, ಅವನು ಮತ್ತೆ ಮೂರು ಪೂರ್ತಿ ಸುತ್ತು ಬಂದ. ಪ್ರತಿ ಸುತ್ತಿಗೂ ಗಟ್ಟಿಯಾಗಿ ಎಣಿಸಿದ. ಮೂರು ಎಂದದ್ದು ಅಂಗಳದವರೆಗೂ ಕೇಳಿಸಿತು.

ಹೋದ ಜೀವ ಬಂದಂತಾಗಿ ಮಿರ್ರಿನೆ ಗೋಡೆಗೊರಗಿ ಕೂತಳು. ಅಂಗಳದಲ್ಲಿ ನೆರೆಯವರು ಬಾಣಂತಿಗೆಂದು ತಂದ ಬೊಂಡಾಸ್ ಮೀನು ಕೆಂಡದ ಮೇಲೆ ಸುಡುತ್ತಿತ್ತು.

"ಅಜ್ಜಿ," ಅಂದಳು, "ತುಂಬಾ ಹಸಿವು. ದೊಡ್ಡದೇ ತನ್ನಿ."